ನಡುವಿನ ಬಯಲಿನಲ್ಲಿ ಏನಿದೆ?

1980ರ ಫೆಬ್ರವರಿ 16ರ ಮಧ್ಯಾಹ್ನ, ಮೂರೂವರೆಯ ಸುಮಾರಿಗೆ, ಅರಬ್ಬಿ ಸಮುದ್ರದ ಮೇಲಿಂದ ಓಡಿಬಂದ ಚಂದ್ರನ ನೆರಳು ಭಾರತದ ನೆಲವನ್ನು ಮೊದಲು ಮುಟ್ಟಿದ್ದು ಕಾರವಾರ–ಅಂಕೋಲಾದ ಕರಾವಳಿಯಲ್ಲಿ. ಅಲ್ಲಿಂದ ಅದು ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರುಗಳನ್ನು ದಾಟಿ, ಒಡಿಶಾದ ಪುರಿಯ ಬಳಿ ಮತ್ತೆ ಕಡಲಿಗಿಳಿಯಿತು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತಿನ ಆ ಖಗ್ರಾಸ ಗ್ರಹಣವನ್ನು ಹೊರಗೆ ನಿಂತು ನೋಡಿದವರಿಗಿಂತ ಬಾಗಿಲು ಮುಚ್ಚಿ ಒಳಗೆ ಕೂತವರೇ ದೇಶದ ಉದ್ದಗಲಕ್ಕೂ ಹೆಚ್ಚು. ಒಳಗಿದ್ದವರು ಅನ್ನ, ನೀರು, ಉಪ್ಪಿನಕಾಯಿಯ ಭರಣಿಗಳ ಮೇಲೆ ದರ್ಭೆಯನ್ನೋ ತುಳಸಿಯನ್ನೋ ಇಟ್ಟುಕೊಂಡು ಮೋಕ್ಷಸ್ನಾನಕ್ಕೆ ಕಾದರು. ಅವರ ಮೂಢನಂಬಿಕೆಯ ಬಗ್ಗೆ ಬರೆಯುವುದು ಸುಲಭ, ಅದನ್ನು ಬೇಕಾದಷ್ಟು ಮಂದಿ ಬರೆದಿದ್ದಾರೆ. ನನಗೆ ಕುತೂಹಲ ಇರುವುದು ಬೇರೆ ಕಡೆ. ಒಳಗಿದ್ದವರಿಗೂ, ಅವರನ್ನು ಕಂಡು ನಕ್ಕವರಿಗೂ ಒಂದೇ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿದ್ದವು. ಸೂರ್ಯನಿಗೂ ನಮಗೂ ನಡುವೆ ಇರುವುದೇನು? ಆ ಬಯಲಿನ ಮೂಲಕ ಏನೋ ಹರಿದುಬರುತ್ತದೆ, ಅದು ನಮ್ಮನ್ನು ತಾಗುತ್ತದೆ ಎಂಬುದು ಒಳಗಿದ್ದವರ ನಂಬಿಕೆ. ನಡುವೆ ಏನೂ ಇಲ್ಲ, ಬರಿಯ ಖಾಲಿ ಜಾಗ, ಗ್ರಹಣವೆಂದರೆ ನೆರಳಿನ ರೇಖಾಗಣಿತ ಎಂಬುದು ಶಾಲೆಯ ಪುಸ್ತಕ ಓದಿದವರ ಉತ್ತರ. ಗ್ರಹಣದ ವಿಷಯದಲ್ಲಿ ಪುಸ್ತಕ ಓದಿದವರದೇ ಸರಿ. ಆದರೆ ಬಯಲಿನ ವಿಷಯದಲ್ಲಿ ಎರಡೂ ಉತ್ತರ ತಪ್ಪು, ಮತ್ತು ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ತಪ್ಪೇನಲ್ಲ. ಆ ಬಯಲಿನಲ್ಲಿ ಹಗಲೂ ರಾತ್ರಿ ಹರಿಯುವ ಒಂದು ವಸ್ತುವಿದೆ. ಅದರ ಅಧ್ಯಯನ ಕಳೆದ ಎಪ್ಪತ್ತು ವರ್ಷಗಳಲ್ಲಿ ತೋರಿಸಿಕೊಟ್ಟಿರುವುದು ನಮ್ಮ ದರ್ಶನಗಳು ಬಹಳ ಹಿಂದೆಯೇ ಜಗಳವಾಡಿದ ಒಂದು ಪ್ರಶ್ನೆಯ ಮೇಲೆ ನೇರ ಬೆಳಕು ಬೀರುತ್ತದೆ. ಒಂದು ವಸ್ತು ‘ಇದೆ’ ಎನ್ನಲು ನಾವು ಯಾವ ಅಳತೆಗೋಲು ಹಿಡಿಯಬೇಕು ಎಂಬುದೇ ಆ ಪ್ರಶ್ನೆ.

ಮೊದಲು ಆ ದಿನ ಹೊರಗಿದ್ದವರು ಕಂಡದ್ದನ್ನು ನೋಡೋಣ. ಸೂರ್ಯಬಿಂಬ ಪೂರ್ತಿ ಮುಚ್ಚಿದಾಗ ಅದರ ಸುತ್ತ ಬಿಳಿಯ ಪ್ರಭಾವಳಿಯೊಂದು ಮೂಡುತ್ತದೆ, ವಿಜ್ಞಾನಿಗಳು ಅದನ್ನು ಕರೋನಾ ಎನ್ನುತ್ತಾರೆ. 1980 ಸೂರ್ಯನ ಕಲೆಗಳು ತುಂಬಿ ತುಳುಕುತ್ತಿದ್ದ ಕಾಲವಾದ್ದರಿಂದ ಅಂದಿನ ಪ್ರಭಾವಳಿ ಎಲ್ಲ ದಿಕ್ಕಿಗೂ ಸಮನಾಗಿ ಚಾಚಿಕೊಂಡಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಎಂ.ಕೆ. ವೇಣು ಬಾಪ್ಪು ಅವರ ನೇತೃತ್ವದಲ್ಲಿ ರಾಯಚೂರು ಸೀಮೆಯ ಜವಳಗೇರಾ ಮೊದಲಾದ ಕಡೆ ಬೀಡುಬಿಟ್ಟು ಆ ಬೆಳಕನ್ನು ಬಣ್ಣ ಬಣ್ಣವಾಗಿ ಸೀಳಿ ನೋಡಿದರು. ಅವರು ಅಳೆದದ್ದು ಒಂದು ಕೆಂಪು ಗೆರೆಯನ್ನು. ಅದು ಒಂಬತ್ತು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ ಸೂಸುವ ಬೆಳಕು. ಇದರ ಜೊತೆಗೊಂದು ಹಸಿರು ಗೆರೆಯೂ ಇದೆ. 1869ರ ಗ್ರಹಣದಲ್ಲಿ ಅದನ್ನು ಮೊದಲು ಕಂಡವರಿಗೆ ಅದು ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಲಿಲ್ಲ. ಸೂರ್ಯನಲ್ಲಿ ಮಾತ್ರ ಇರುವ ಹೊಸ ಧಾತು ಎಂದು ತೀರ್ಮಾನಿಸಿ ಅದಕ್ಕೆ ‘ಕರೋನಿಯಂ’ ಎಂದು ಹೆಸರೂ ಇಟ್ಟರು. ಆ ದಿವ್ಯ ಧಾತು ಎಪ್ಪತ್ತು ವರ್ಷ ಬಾಳಿತು. ಮೇಘನಾದ ಸಹಾ 1920ರಲ್ಲಿ ಬಿಸಿ ಹೆಚ್ಚಿದಂತೆ ಪರಮಾಣುಗಳು ಇಲೆಕ್ಟ್ರಾನುಗಳನ್ನು ಹೇಗೆ ಉದುರಿಸುತ್ತವೆ ಎಂಬುದಕ್ಕೆ ಸಮೀಕರಣ ಕೊಟ್ಟ ಮೇಲೆ, ಯುರೋಪಿನ ಗ್ರೋಟ್ರಿಯಾನ್ ಮತ್ತು ಎಡ್ಲೇನ್ 1940ರ ಆಸುಪಾಸಿನಲ್ಲಿ ಒಗಟು ಬಿಡಿಸಿದರು. ಆ ಹಸಿರು ಬೆಳಕೂ ಕಬ್ಬಿಣದ್ದೇ, ಹದಿಮೂರು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದು. ಅಷ್ಟು ಕಳಚಬೇಕಾದರೆ ಹತ್ತಾರು ಲಕ್ಷ ಡಿಗ್ರಿ ಬಿಸಿ ಬೇಕು. ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿಗೆ ಬಳ್ಳಾರಿಯಿಂದ ಲಾರಿಗಟ್ಟಲೆ ಬಂದು ಬಿದ್ದು, ರಸ್ತೆಬದಿಯ ಎಲೆಗಳನ್ನೆಲ್ಲ ಕೆಂಪಾಗಿಸಿ, 2010ರಲ್ಲಿ ಜಪ್ತಿಯಾದ ಮೇಲೂ ಲಕ್ಷಗಟ್ಟಲೆ ಟನ್ನು ಕಾಣೆಯಾಗಿ ಹಗರಣವಾಯಿತಲ್ಲ, ಅದೇ ಕಬ್ಬಿಣ ಇದು. ಆಕಾಶಕ್ಕೆಂದೇ ಬೇರೆ ದ್ರವ್ಯವಿಲ್ಲ. ಪಾಠಶಾಲೆಗಳಲ್ಲಿ ಇಂದಿಗೂ ಓದಿಸುವ ಅನ್ನಂಭಟ್ಟನ ‘ತರ್ಕಸಂಗ್ರಹ’ ಆದಿತ್ಯಲೋಕದ ಶರೀರಗಳು ತೈಜಸ, ಅಂದರೆ ಅಲ್ಲಿಯ ದ್ರವ್ಯ ಬೇರೆ ಎನ್ನುತ್ತದೆ. ಗ್ರೀಕರೂ ಹೀಗೇ ನಂಬಿದ್ದರು. ಹಸಿರು ಗೆರೆ ಆ ವಿಂಗಡಣೆಯನ್ನು ಸದ್ದಿಲ್ಲದೆ ಅಳಿಸಿಹಾಕಿತು.

ಹೀಗೆ ಇಲೆಕ್ಟ್ರಾನು ಬೇರೆ, ಅಯಾನು ಬೇರೆಯಾಗಿ, ವಿದ್ಯುದಾವೇಶ ಹೊತ್ತು ಸುಳಿದಾಡುವ ಅನಿಲಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ನಮ್ಮ ಕಣ್ಣಿಗೆ ಬೀಳುವ ವಿಶ್ವದ ಬಹುಪಾಲು ಇದೇ ಸ್ಥಿತಿಯಲ್ಲಿದೆ. ಘನ, ದ್ರವ, ಅನಿಲಗಳೇ ಅಪರೂಪ. ಮುಂದಿನ ಹೆಜ್ಜೆ 1958ರದು. ಅಷ್ಟು ಬಿಸಿಯಾದ ಪ್ರಭಾವಳಿಯನ್ನು ಸೂರ್ಯ ತನ್ನ ಗುರುತ್ವದಿಂದ ಹಿಡಿದಿಟ್ಟುಕೊಳ್ಳಲಾರ, ಅದು ಎಲ್ಲ ದಿಕ್ಕಿಗೂ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಬೀಸುತ್ತಲೇ ಇರಬೇಕು ಎಂದು ಅಮೆರಿಕದ ಯುಜೀನ್ ಪಾರ್ಕರ್ ಲೆಕ್ಕ ಹಾಕಿ ತೋರಿಸಿದ. ಲೇಖನವನ್ನು ಪರಿಶೀಲಿಸಿದ ಇಬ್ಬರೂ ಇದು ಪ್ರಕಟಣೆಗೆ ಯೋಗ್ಯವಲ್ಲ ಎಂದರು. ಪತ್ರಿಕೆಯ ಸಂಪಾದಕ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಈ ವಿಚಾರ ಒಪ್ಪಿಗೆಯಾಗಿರಲಿಲ್ಲ, ಆದರೆ ಗಣಿತದಲ್ಲಿ ತಪ್ಪು ಸಿಗದ ಕಾರಣಕ್ಕೆ ಅಚ್ಚು ಹಾಕಿಸಿದರು. (ತನಗೆ ಒಪ್ಪಿಗೆಯಿಲ್ಲದ್ದನ್ನೂ ದೋಷ ತೋರಿಸಲಾಗದೆ ಹೋದರೆ ಮುಂದಿಡಬೇಕು ಎಂಬ ಈ ನಡತೆ ಪೂರ್ವಪಕ್ಷವನ್ನು ಗೌರವದಿಂದ ಕಟ್ಟುತ್ತಿದ್ದ ನಮ್ಮ ಹಳೆಯ ವಾದಿಗಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ಇಂದಿನ ಟಿವಿ ಚರ್ಚೆಯವರಿಗೆ ಕಷ್ಟ.) ನಾಲ್ಕೇ ವರ್ಷದಲ್ಲಿ, 1962ರಲ್ಲಿ, ಶುಕ್ರನ ಕಡೆ ಹೊರಟ ಮೆರಿನರ್–2 ನೌಕೆ ದಾರಿಯುದ್ದಕ್ಕೂ ಈ ಸೌರಮಾರುತವನ್ನು ಅಳೆಯಿತು. ಈಗ ನಮ್ಮದೇ ಆದಿತ್ಯ–ಎಲ್1 ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಅದೇ ಕೆಲಸ ಮಾಡುತ್ತಿದೆ. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ತನ್ನ ಜಾಗ ಸೇರಿದ ಅದರೊಳಗಿನ ಮುಖ್ಯ ಉಪಕರಣವಾದ ಕರೋನಾಗ್ರಾಫ್ ಸಿದ್ಧವಾದದ್ದು ಹೊಸಕೋಟೆಯಲ್ಲಿರುವ ಖಭೌತ ಸಂಸ್ಥೆಯ ಆವರಣದಲ್ಲಿ. ಅದರ ಕಲ್ಪನೆಯನ್ನು ಮುಂದಿಟ್ಟ ಜಗದೇವ್ ಸಿಂಗ್ 1980ರ ಗ್ರಹಣದ ಬಾಪ್ಪು ತಂಡದಲ್ಲಿದ್ದವರು. ಎರಡು ಚಿಲ್ಲರೆ ನಿಮಿಷ ಸಿಕ್ಕಿದ ನೋಟವನ್ನು ದಿನವಿಡೀ ಸಿಗುವಂತೆ ಮಾಡಲು ನಾಲ್ಕು ದಶಕ ಹಿಡಿಯಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಮತ್ತು ಅದು ಹಗುರವಾದದ್ದಲ್ಲ. ‘ಇದೆ’ ಅನ್ನುತ್ತೀರಿ, ಎಷ್ಟಿದೆ ಹೇಳಿ. ಕಾರವಾರದ ಕಡಲ ದಂಡೆಯ ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿವೆ. ಭೂಮಿಯ ಬಳಿಯ ಸೌರಮಾರುತದಲ್ಲಿ ಅಷ್ಟೇ ಜಾಗದಲ್ಲಿರುವುದು ಸಾಮಾನ್ಯವಾಗಿ ಐದೋ ಹತ್ತೋ ಪ್ರೋಟಾನು. ಪ್ರಯೋಗಾಲಯದಲ್ಲಿ ಗಾಳಿಯನ್ನೆಲ್ಲ ಹೀರಿ ತೆಗೆದು ನಾವು ಮಾಡಿಕೊಳ್ಳುವ ನಿರ್ವಾತವೂ ಇದಕ್ಕಿಂತ ಎಷ್ಟೋ ಪಾಲು ದಟ್ಟ. ಇದನ್ನು ‘ತುಂಬಿದೆ’ ಎನ್ನುವುದು ಮಾತಿನ ಚಮತ್ಕಾರವಲ್ಲವೆ? ಈ ಆಕ್ಷೇಪದ ಬೇರಿನಲ್ಲಿ ಒಂದು ಗೃಹೀತವಿದೆ: ಹೆಚ್ಚು ದಟ್ಟವಾದದ್ದು ಹೆಚ್ಚು ಇರುತ್ತದೆ, ತೆಳುವಾದದ್ದು ಕಡಿಮೆ ಇರುತ್ತದೆ. ಇರುವಿಕೆಯನ್ನು ತೂಕದಿಂದ ಅಳೆಯುವ ಈ ಅಭ್ಯಾಸವನ್ನು ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಒಪ್ಪುತ್ತಿರಲಿಲ್ಲ. ಅವನ ಅಳತೆಗೋಲು ಅರ್ಥಕ್ರಿಯೆ. ಏನನ್ನಾದರೂ ಮಾಡಬಲ್ಲದ್ದು ಇದೆ, ಏನನ್ನೂ ಮಾಡಲಾರದ್ದು ಇಲ್ಲ. ಎಲ್ಲವೂ ಕ್ಷಣಕ್ಷಣಕ್ಕೂ ಅಳಿಯುತ್ತದೆ ಎಂಬ ಅವನ ಕ್ಷಣಿಕವಾದವನ್ನು ನೈಯಾಯಿಕರೂ ಜೈನರೂ ವೇದಾಂತಿಗಳೂ ಹರಿದುಹಾಕಿದರು, ನಾನೂ ಅದರ ಪರವಾಗಿ ನಿಲ್ಲಲಾರೆ. ಆದರೆ ಈ ಒಂದು ಅಳತೆಗೋಲನ್ನು ಬಯಲಿನ ಪ್ಲಾಸ್ಮಾದ ಮುಂದೆ ಹಿಡಿದು ನೋಡಿ. ಧೂಮಕೇತುವಿನ ಬಾಲ ಅದು ಯಾವ ಕಡೆ ಸಾಗಲಿ ಸೂರ್ಯನಿಗೆ ಬೆನ್ನು ಮಾಡಿಯೇ ಇರುತ್ತದೆ. ಅದರ ಅಯಾನುಗಳ ಬಾಲವನ್ನು ಬರಿಯ ಬೆಳಕಿನ ಒತ್ತಡ ಹಾಗೆ ತಳ್ಳಲಾರದು, ಸೂರ್ಯನಿಂದ ಕಣಗಳ ಪ್ರವಾಹವೊಂದು ಹೊಡೆಯುತ್ತಿರಬೇಕು ಎಂದು ಜರ್ಮನಿಯ ಬಿಯರ್ಮನ್ 1951ರಲ್ಲಿಯೇ ವಾದಿಸಿದ್ದ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಮಿಂಚೊಂದನ್ನು ಕಂಡ ಹದಿನೇಳು ಚಿಲ್ಲರೆ ಗಂಟೆಗಳಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಸೂಚಿಗಳು ಹಿಂದೆಂದೂ ಇಲ್ಲದಂತೆ ಕುಸಿದವು, ಕುಸಿತ ಸುಮಾರು 1,600 ನ್ಯಾನೋಟೆಸ್ಲಾ. ಇದೇ ಪಡುವಣ ಕಡಲ ದಂಡೆ. ದೂರದ ದೇಶಗಳಲ್ಲಿ ತಂತಿ ಕಚೇರಿಗಳ ಉಪಕರಣಗಳು ಕಿಡಿ ಕಾರಿದವು. ಘನ ಸೆಂಟಿಮೀಟರಿಗೆ ಬೆರಳೆಣಿಕೆಯ ಕಣಗಳಿರುವ ‘ಖಾಲಿ’ ಇಷ್ಟನ್ನೆಲ್ಲ ಮಾಡಿದೆ. 2022ರ ಫೆಬ್ರವರಿಯಲ್ಲಿ ಸಾಧಾರಣ ಕಾಂತಮಾರುತವೊಂದು ವಾತಾವರಣವನ್ನು ಉಬ್ಬಿಸಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38ನ್ನು ಕೆಡವಿತು. ಮಾಡಬಲ್ಲದ್ದು ಇದೆ ಎಂದಾದರೆ, ಇದು ಖಂಡಿತ ಇದೆ.

ಆದರೂ ಆಕ್ಷೇಪಕ ಸುಮ್ಮನಾಗಬೇಕಿಲ್ಲ. ಅಲ್ಲಿ ಕಣಗಳಿವೆ, ಒಪ್ಪೋಣ. ಆದರೆ ಅವು ಬಿಡಿಬಿಡಿಯಾದ ಕಣಗಳಷ್ಟೇ, ಅವುಗಳನ್ನು ಸೇರಿಸಿ ‘ಒಂದು ಮಾರುತ’, ‘ಒಂದು ಮಾಧ್ಯಮ’ ಎನ್ನುವುದು ನಮ್ಮ ಕಲ್ಪನೆ ಎಂದು ಅವನು ಹೇಳಬಹುದು. ಇಡೀ ವಿಷಯದ ತಿರುಳು ಇಲ್ಲಿದೆ. ಗಾಳಿ ಗಾಳಿಯಾಗಿರುವುದು ಅದರ ಅಣುಗಳು ಕ್ಷಣಕ್ಕೆ ಕೋಟಿಗಟ್ಟಲೆ ಸಲ ಒಂದಕ್ಕೊಂದು ಡಿಕ್ಕಿ ಹೊಡೆಯುವುದರಿಂದ. ಸೌರಮಾರುತದ ಪ್ರೋಟಾನು ಮಾತ್ರ ಸೂರ್ಯನಿಂದ ಭೂಮಿಗೆ ಬರುವ ಹದಿನೈದು ಕೋಟಿ ಕಿಲೋಮೀಟರ್ ದಾರಿಯಲ್ಲಿ ಇನ್ನೊಂದಕ್ಕೆ ಸರಿಯಾಗಿ ಒಮ್ಮೆ ಡಿಕ್ಕಿ ಹೊಡೆದರೆ ಹೆಚ್ಚು. ವೈಶೇಷಿಕರ ಹಾಗೆ ಬಿಡಿಗಳು ಸೇರಿ ಒಂದು ದ್ರವ್ಯವಾಗಲು ಸಂಯೋಗ, ಅಂದರೆ ಒಂದಕ್ಕೊಂದು ತಾಗುವುದು, ಬೇಕು ಎಂದು ಹಿಡಿದರೆ ಇದು ಒಂದು ಮಾರುತವಾಗಲು ಸಾಧ್ಯವೇ ಇಲ್ಲ, ಗುರುತಿಲ್ಲದ ಪಯಣಿಗರ ಗುಂಪು ಅಷ್ಟೆ. ಆದರೆ ಅದು ಅಲೆಯೇಳುತ್ತದೆ, ಸುಳಿಯುತ್ತದೆ, ಭೂಮಿಯ ಕಾಂತಕ್ಷೇತ್ರಕ್ಕೆ ಎದುರಾದಾಗ ದಡಕ್ಕನೆ ತಡೆದು ಆಘಾತದ ಅಲೆ ಕಟ್ಟುತ್ತದೆ. ಡಿಕ್ಕಿಯೇ ಇಲ್ಲದ ಆಘಾತ! ಕಾರಣ, ಪ್ರತಿ ಕಣವೂ ತನ್ನ ಆವೇಶದಿಂದ, ಚಲನೆಯಿಂದ ವಿದ್ಯುತ್ ಮತ್ತು ಕಾಂತಕ್ಷೇತ್ರಗಳನ್ನು ಎಬ್ಬಿಸುತ್ತದೆ. ಉಳಿದ ಕಣಗಳೆಲ್ಲ ಆ ಕ್ಷೇತ್ರಕ್ಕೆ ಮಣಿಯುತ್ತವೆ. ಮಣಿಯುತ್ತ ಕ್ಷೇತ್ರವನ್ನು ಬದಲಿಸುತ್ತವೆ. ಸ್ವೀಡನ್ನಿನ ಆಲ್ಫ್ವೇನ್ ಕಾಂತರೇಖೆಗಳೂ ಇಂಥ ಪ್ಲಾಸ್ಮಾವೂ ಜೊತೆಯಾಗಿಯೇ ಕಂಪಿಸುತ್ತವೆ ಎಂದು 1942ರಲ್ಲಿ ಬರೆದಾಗ ನಂಬಿದವರು ಕಡಿಮೆ. 1970ರಲ್ಲಿ ಅವನಿಗೆ ನೊಬೆಲ್ ಬಂತು. ಇದರಲ್ಲಿ ನನಗೆ ಕಾಣುವ ತಾತ್ವಿಕ ಸಂಗತಿ ಇಷ್ಟು: ಬಿಡಿಗಳು ಮೊದಲು, ಸಂಬಂಧ ಆಮೇಲೆ ಎಂಬ ಕ್ರಮವನ್ನು ಬಯಲಿನ ಪ್ಲಾಸ್ಮಾ ಒಪ್ಪುವುದಿಲ್ಲ. ಸಂಬಂಧವನ್ನು ತೆಗೆದುಹಾಕಿದರೆ ಅಲ್ಲಿ ಉಳಿಯುವುದು ‘ತೆಳುವಾದ ಪ್ಲಾಸ್ಮಾ’ ಅಲ್ಲ, ಪ್ಲಾಸ್ಮಾವೇ ಉಳಿಯುವುದಿಲ್ಲ.

ಇದಕ್ಕೆ ಅತಿ ದೂರದ ಸಾಕ್ಷಿ ಎರಡು ವಾಯೇಜರ್ ನೌಕೆಗಳದು. 1977ರಲ್ಲಿ ಹೊರಟ ವಾಯೇಜರ್–1ರಲ್ಲಿ ಪ್ಲಾಸ್ಮಾವನ್ನು ನೇರವಾಗಿ ಅಳೆಯುವ ಉಪಕರಣ ಕೆಟ್ಟುಹೋದದ್ದು, ಕಾಕತಾಳೀಯವಾಗಿ, ಆ 1980ರಲ್ಲಿಯೇ. ಆದ್ದರಿಂದ 2012ರ ಆಗಸ್ಟ್ 25ರಂದು ಅದು ಸೂರ್ಯನಿಂದ ಸುಮಾರು 1,800 ಕೋಟಿ ಕಿಲೋಮೀಟರ್ ದೂರದಲ್ಲಿ ಸೌರಮಾರುತದ ಕೊನೆಯನ್ನು ದಾಟಿದಾಗ, ದಾಟಿತೇ ಇಲ್ಲವೇ ಎಂದು ಒಂದು ವರ್ಷ ಜಗಳವಾಯಿತು. ಸೂರ್ಯನ ಕಡೆಯ ಕಣಗಳು ಹಠಾತ್ತನೆ ನಿಂತಿದ್ದವು, ಸರಿ; ಆದರೆ ಹೊರಗೆ ಬಂದರೆ ಕಾಂತಕ್ಷೇತ್ರದ ದಿಕ್ಕು ತಿರುಗಬೇಕು ಎಂದು ಎಲ್ಲರೂ ನಿರೀಕ್ಷಿಸಿದ್ದರು, ಅದು ತಿರುಗಲಿಲ್ಲ. ತೀರ್ಮಾನ ಬಂದದ್ದು ಅನುಮಾನಪ್ರಮಾಣದಿಂದ. 2012ರ ಮಾರ್ಚಿನಲ್ಲಿ ಸೂರ್ಯನಲ್ಲಿ ಎದ್ದ ಸ್ಫೋಟದ ಅಲೆ ಹದಿಮೂರು ತಿಂಗಳು ಹರಿದು, 2013ರ ಏಪ್ರಿಲ್‌ನಲ್ಲಿ ನೌಕೆಯ ಸುತ್ತಲಿನ ಇಲೆಕ್ಟ್ರಾನುಗಳನ್ನು ಅಲುಗಿಸಿತು. ಅವು ಸೆಕೆಂಡಿಗೆ ಸುಮಾರು 2,600 ಸಲ ಕಂಪಿಸಿದವು. ಕಂಪನದ ವೇಗ ದಟ್ಟಣೆಯನ್ನು ಹೇಳಿಬಿಡುತ್ತದೆ: ಒಂದು ಲೀಟರ್ ಜಾಗದಲ್ಲಿ ಸುಮಾರು ಎಂಬತ್ತು ಇಲೆಕ್ಟ್ರಾನು. ಸೌರಮಾರುತದ ಒಳಗಡೆ, ಅಂಚಿನ ಬಳಿ, ಲೀಟರಿಗೆ ಎರಡರಷ್ಟಿತ್ತು. ಅಂದರೆ ಸೂರ್ಯನ ಮನೆಯಂಗಳದಿಂದ ಹೊರಗೆ ಕಾಲಿಟ್ಟಾಗ ಸಿಕ್ಕಿದ್ದು ಇನ್ನೂ ಖಾಲಿಯಾದ ಖಾಲಿಯಲ್ಲ, ನಲವತ್ತು ಪಾಲು ದಟ್ಟವಾದ ಇನ್ನೊಂದು ಮಾಧ್ಯಮ, ನಕ್ಷತ್ರಗಳ ನಡುವಿನದು. 2018ರ ನವೆಂಬರ್ 5ರಂದು ಉಪಕರಣ ಕೆಡದ ವಾಯೇಜರ್–2 ಇನ್ನೊಂದು ದಿಕ್ಕಿನಲ್ಲಿ ಅದೇ ಗಡಿಯನ್ನು ದಾಟಿ ಪ್ರತ್ಯಕ್ಷವಾಗಿಯೇ ದೃಢಪಡಿಸಿತು. ಆ ಹೊರಗಿನ ಮಾಧ್ಯಮದ ಸುಳಿವು ಭೂಮಿಯ ಮೇಲೂ ಮೊದಲೇ ಸಿಕ್ಕಿತ್ತು. 1967ರಲ್ಲಿ ಕೇಂಬ್ರಿಜ್‌ನಲ್ಲಿ ಸೌರಮಾರುತದಿಂದ ರೇಡಿಯೋ ಆಕರಗಳು ಮಿನುಗುವುದನ್ನು ನೋಡಲೆಂದು ಕಟ್ಟಿದ ಆಂಟೆನಾಗಳಲ್ಲಿ ಜೋಸೆಲಿನ್ ಬೆಲ್‌ಗೆ ಪಲ್ಸಾರ್, ಅಂದರೆ ತಾಳ ತಪ್ಪದೆ ಮಿಡಿಯುವ ರೇಡಿಯೋ ನಕ್ಷತ್ರ, ಸಿಕ್ಕಿತು. ಪಲ್ಸಾರಿನ ಒಂದೇ ಮಿಡಿತದಲ್ಲಿ ಹೆಚ್ಚಿನ ಕಂಪನಾಂಕದ ಅಲೆ ಮೊದಲು, ಕಡಿಮೆಯದು ತಡವಾಗಿ ಬರುತ್ತದೆ. ಆ ವಿಳಂಬವೇ ನಡುವಿನ ಇಲೆಕ್ಟ್ರಾನುಗಳ ಲೆಕ್ಕ. ನಮ್ಮ ಗೌರಿಬಿದನೂರಿನ ಬಯಲಿನಲ್ಲಿ 1970ರ ದಶಕದಿಂದ ನಿಂತಿರುವ ತಂತಿಗಳ ಸಾಲು ಇಂಥ ಕೆಳಗಿನ ಕಂಪನಾಂಕಗಳಿಗೇ ಕಿವಿಗೊಟ್ಟು ಕೂತಿದೆ.

ಗಡಿ ಎಂಬುದನ್ನು ನಾವು ಗೋಡೆಯ ಹಾಗೆ ಕಲ್ಪಿಸಿಕೊಳ್ಳುತ್ತೇವೆ. ಸೂರ್ಯ ಎಲ್ಲಿ ಮುಗಿಯುತ್ತಾನೆ ಎಂಬ ಪ್ರಶ್ನೆಗೆ ಗೋಡೆಯ ಉತ್ತರವಿಲ್ಲ. ಇದನ್ನು ಕಾಣಬೇಕಾದರೆ ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿಯ ಮುಖದಲ್ಲಿ ನಿಂತರೆ ಸಾಕು. ಸಿಹಿನೀರು ಎಲ್ಲಿ ಮುಗಿದು ಉಪ್ಪುನೀರು ಎಲ್ಲಿ ಸುರುವಾಗುತ್ತದೆ ಎಂದು ಗೆರೆ ಎಳೆದರೆ ಭರತಕ್ಕೆ ಅದು ಸದಾಶಿವಗಡ ದಾಟಿ ಒಳಕ್ಕೆ ಹೋಗುತ್ತದೆ, ಇಳಿತಕ್ಕೆ ಹೊರಕ್ಕೆ ಬರುತ್ತದೆ, ಮಳೆಗಾಲದಲ್ಲಿ ಕಡಲೊಳಗೇ ತಳ್ಳಿಹೋಗುತ್ತದೆ. ಗೆರೆ ಸುಳ್ಳಲ್ಲ, ಅದು ಎರಡು ಒತ್ತಡಗಳು ಸಮವಾಗುವ ಜಾಗ. ಸೌರಮಾರುತದ ಗಡಿಯೂ ಹಾಗೆಯೇ, ಹನ್ನೊಂದು ವರ್ಷದ ಸೌರಚಕ್ರಕ್ಕೆ ತಕ್ಕಂತೆ ಉಬ್ಬಿ ಇಳಿಯುತ್ತದೆ. ಈ ಕಾಳಿ ನದಿಯಲ್ಲಿಯೇ, 1883ರ ಸುಮಾರಿಗೆ, ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ದೋಣಿಯಲ್ಲಿ ಹೋಗಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದ ಜಿಲ್ಲಾ ನ್ಯಾಯಾಧೀಶರು. ಕಾರವಾರದಲ್ಲಿ ರವೀಂದ್ರರು ಬರೆದ ‘ಪ್ರಕೃತಿರ ಪ್ರತಿಶೋಧ’ ನಾಟಕ 1884ರಲ್ಲಿ ಅಚ್ಚಾಯಿತು. ಅದರ ಸಂನ್ಯಾಸಿಗೆ ಅನಂತ ಬೇಕು. ಅದಕ್ಕಾಗಿ ಎಲ್ಲ ಬಂಧ ಕಡಿದು, ಪ್ರಕೃತಿಯನ್ನೇ ಗೆದ್ದೆ ಎಂದುಕೊಂಡು ಗುಹೆಯಿಂದ ಹೊರಬರುತ್ತಾನೆ. ಅನಾಥ ಹುಡುಗಿಯೊಬ್ಬಳ ಮೇಲೆ ಹುಟ್ಟಿದ ಮಮತೆ ಅವನನ್ನು ಸೋಲಿಸುತ್ತದೆ. ಅವನ ತಪ್ಪು ಏನು? ಸಂಬಂಧಗಳನ್ನೆಲ್ಲ ಕಳಚುತ್ತ ಹೋದರೆ ಕೊನೆಗೆ ಉಳಿಯುವುದೇ ಅನಂತ ಎಂದು ನಂಬಿದ್ದು. ಸೀಮೆಯೊಳಗೇ ಅಸೀಮವನ್ನು ಕಾಣುವ ಸಂತೋಷವೇ ತನ್ನ ಮುಂದಿನ ಬರವಣಿಗೆಯ ವಸ್ತು, ಈ ನಾಟಕ ಅದರ ಪೀಠಿಕೆ ಎಂಬರ್ಥದಲ್ಲಿ ಕವಿ ಆಮೇಲೆ ನೆನಪಿಸಿಕೊಂಡಿದ್ದಾರೆ. ನಾಟಕಕ್ಕೂ ವಾಯೇಜರಿಗೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ‘ಕಳಚುತ್ತ ಹೋದರೆ ಶೂನ್ಯ ಸಿಗುತ್ತದೆ’ ಎಂಬ ಚಿತ್ರ ಎರಡೂ ಕಡೆ ಒಂದೇ. ಒಂದು ಕಡೆ ನಾಟಕಕಾರನ ಒಳನೋಟ ಅದನ್ನು ಮುರಿಯಿತು, ಇನ್ನೊಂದು ಕಡೆ ಲೀಟರಿಗೆ ಎಂಬತ್ತು ಎಂಬ ಲೆಕ್ಕ ಮುರಿಯಿತು. ಇದಕ್ಕಿಂತ ಹೆಚ್ಚನ್ನು ನಾನು ಹೇಳುತ್ತಿಲ್ಲ.

ಹೆಚ್ಚನ್ನು ಹೇಳುವವರು ಇದ್ದಾರೆ, ಅವರೇ ನನಗೆ ದೊಡ್ಡ ತೊಡಕು. ‘ಇದನ್ನೆಲ್ಲ ನಮ್ಮ ಋಷಿಗಳು ಮೊದಲೇ ಹೇಳಿದ್ದರು, ಆಕಾಶ ಪಂಚಭೂತಗಳಲ್ಲೊಂದು, ಅದರ ಗುಣ ಶಬ್ದ, ಇಗೋ ವಾಯೇಜರ್ ಬಯಲಿನ ಶಬ್ದವನ್ನು ಹಿಡಿದಿದೆ, ಕೇಳಿದರೆ ಓಂಕಾರ’ ಎಂಬ ಸಂದೇಶ ಮೊಬೈಲುಗಳಲ್ಲಿ ತಿರುಗುತ್ತಲೇ ಇರುತ್ತದೆ. ವಾಯೇಜರ್ ಹಿಡಿದದ್ದು ಇಲೆಕ್ಟ್ರಾನುಗಳ ಕಂಪನವನ್ನು. ವಿಜ್ಞಾನಿಗಳು ಅದನ್ನು ಸ್ಪೀಕರಿಗೆ ಕೊಟ್ಟು ಕೇಳಿಸಿದರು. ದಟ್ಟಣೆ ಏರಿದರೆ ಅದರ ಶ್ರುತಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಓಂಕಾರ ಇಲೆಕ್ಟ್ರಾನುಗಳ ಜನಗಣತಿಗೆ ತಕ್ಕಂತೆ ಏರಿಳಿಯುವ ಸ್ವರ ಎಂದು ಯಾವ ಉಪನಿಷತ್ತೂ ಹೇಳಿಲ್ಲ. ಇಂಥ ಹೋಲಿಕೆಯಿಂದ ಭೌತಶಾಸ್ತ್ರಕ್ಕೆ ಆಗುವ ನಷ್ಟ ಸಣ್ಣದು. ನಿಜವಾಗಿ ಪೆಟ್ಟು ಬೀಳುವುದು ಧರ್ಮಕ್ಕೆ. ಅದ್ವೈತಿಯ ಬ್ರಹ್ಮ ತೆಳುವಾದ ಅನಿಲವಲ್ಲ. ಅದನ್ನು ಪ್ಲಾಸ್ಮಾ ಎಂದರೆ ಜಡವೆಂದ ಹಾಗಾಯಿತು, ನಾಳೆ ಅಳತೆ ಬದಲಾದರೆ ಬ್ರಹ್ಮವನ್ನೂ ತಿದ್ದಬೇಕಾಗುತ್ತದೆ. ಅಲ್ಲಮನ ಬಯಲೂ ಉಪಕರಣಕ್ಕೆ ಸಿಗುವ ಜಾಗವಲ್ಲ. ಮತ್ತೆ, ಇಲ್ಲಿ ಒಂದು ವಿವೇಕ ನಮ್ಮದೇ ಕರಾವಳಿಯ ದರ್ಶನದಲ್ಲಿದೆ. ಉಡುಪಿಯ ಮಧ್ವಾಚಾರ್ಯರು ಎರಡು ಆಕಾಶಗಳನ್ನು ಬೇರ್ಪಡಿಸುತ್ತಾರೆ. ಒಂದು ಭೂತಾಕಾಶ, ಹುಟ್ಟಿ ಅಳಿಯುವ ದ್ರವ್ಯ. ಇನ್ನೊಂದು ಅವ್ಯಾಕೃತ ಆಕಾಶ, ಎಲ್ಲಕ್ಕೂ ಎಡೆ ಕೊಡುವ ಅವಕಾಶ. ಅದು ನಿತ್ಯ, ಇಂದ್ರಿಯಗಳಿಂದಲ್ಲ, ಸಾಕ್ಷಿಯಿಂದ, ಅಂದರೆ ಆತ್ಮದ ಒಳ ಅರಿವಿನಿಂದ, ನೇರವಾಗಿ ತಿಳಿಯುವಂಥದು. ಕಾರವಾರದ ಸುತ್ತಮುತ್ತ ಗೋಕರ್ಣ ಪರ್ತಗಾಳಿ ಮಠದ ಪರಂಪರೆಯಲ್ಲಿ ಈ ಸಿದ್ಧಾಂತ ಬಲ್ಲವರು ಇಂದಿಗೂ ಇದ್ದಾರೆ. ಆ ಭೇದವನ್ನು ಹಿಡಿದರೆ ಗೊಂದಲ ತಾನಾಗಿ ಕಳೆಯುತ್ತದೆ. ಪ್ಲಾಸ್ಮಾದ ಸಂಶೋಧನೆ ಎಡೆಯಲ್ಲಿ ಏನು ತುಂಬಿದೆ ಎಂದು ಹೇಳುತ್ತದೆ, ಎಡೆ ಎಂದರೇನು ಎಂದು ಹೇಳುವುದಿಲ್ಲ. ಮೊದಲನೆಯದಕ್ಕೆ ಆದಿತ್ಯ–ಎಲ್1 ಸಾಕ್ಷಿ. ಎರಡನೆಯದಕ್ಕೆ ಬೇರೆಯೇ ವಾದ ಬೇಕು. ಅದೇ ಕಾರಣಕ್ಕೆ 1980ರಲ್ಲಿ ಒಳಗೆ ಕೂತವರಿಗೂ ಈ ಸಂಶೋಧನೆ ನೆರವಾಗದು. ಸೌರಮಾರುತ ಗ್ರಹಣದ ದಿನ ಹೆಚ್ಚೇನೂ ಬೀಸುವುದಿಲ್ಲ, ಚಂದ್ರ ಅಡ್ಡ ಬಂದ ಮಾತ್ರಕ್ಕೆ ವಿಷವಾಗುವುದಿಲ್ಲ, ಉಪ್ಪಿನಕಾಯಿಯ ಭರಣಿಯ ತನಕ ಬರುವುದಂತೂ ಇಲ್ಲವೇ ಇಲ್ಲ. ಭೂಮಿಯ ಕಾಂತಕ್ಷೇತ್ರ, ವಾತಾವರಣಗಳು ಎಲ್ಲ ದಿನವೂ ಅದನ್ನು ಮೇಲೆಯೇ ತಡೆಯುತ್ತವೆ.

ಹಾಗಾದರೆ, ಎನ್ನುತ್ತಾನೆ ವಿಚಾರವಾದಿ, ಧರ್ಮದ ಮಾತೇ ಯಾಕೆ? ಗೋಕರ್ಣದಂಥ ಕ್ಷೇತ್ರದಲ್ಲಿದ್ದುಕೊಂಡೇ ಎಂ.ಎನ್. ರಾಯ್ ಅವರ ಮಾನವತಾವಾದವನ್ನು ನೆಚ್ಚಿ ಬರೆದ ಗೌರೀಶ ಕಾಯ್ಕಿಣಿಯವರ ಉತ್ತರ ಕನ್ನಡ ಜಿಲ್ಲೆ ಇದು; ಈ ಪ್ರಶ್ನೆಯನ್ನು ಇಲ್ಲಿ ತಳ್ಳಿಹಾಕುವಂತಿಲ್ಲ. ನನ್ನ ಉತ್ತರ: ಧರ್ಮದ ಪ್ರಶ್ನೆಗಳನ್ನು ಕೈಬಿಟ್ಟೆವೆಂದುಕೊಂಡವರೂ ಬಯಲಿನ ಒಂದು ಚಿತ್ರವನ್ನು ಸದ್ದಿಲ್ಲದೆ ಶ್ರದ್ಧೆಯಂತೆ ಹೊತ್ತಿರುತ್ತಾರೆ. ಸತ್ತ, ಖಾಲಿಯಾದ ಅನಂತ. ಅದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಉಂಡೆಗಳು. ಒಂದು ಉಂಡೆಯ ಮೇಲೆ ಒಂಟಿ ಮನುಷ್ಯ. ಆಧುನಿಕ ಸಾಹಿತ್ಯದ ಅರ್ಧ ಒಂಟಿತನ ಈ ಚಿತ್ರದ ಮೇಲೆ ನಿಂತಿದೆ, ಅದು ವಿಜ್ಞಾನ ಕೊಟ್ಟದ್ದು ಎಂಬ ಧೈರ್ಯದಿಂದ ನಿಂತಿದೆ. ವಿಜ್ಞಾನ ಅದನ್ನು ಹಿಂದಕ್ಕೆ ತೆಗೆದುಕೊಂಡು ಆರು ದಶಕವಾಯಿತು. ಸೂರ್ಯ ತನ್ನ ಬಿಂಬದಲ್ಲಿ ಮುಗಿಯುವುದಿಲ್ಲ. ನಾವು ಅವನ ಹೊರ ವಾತಾವರಣದ ಒಳಗೇ ಬದುಕುತ್ತಿದ್ದೇವೆ. ಆ ವಾತಾವರಣದ ಅಂಚು ಇನ್ನೊಂದು ಮಾಧ್ಯಮಕ್ಕೆ ಒತ್ತಿ ನಿಂತಿದೆ. ಇದರಿಂದ ದೇವರಿದ್ದಾನೆ ಎಂದು ಸಿದ್ಧವಾಗುವುದಿಲ್ಲ. ಬಯಲು ನಮ್ಮನ್ನು ಪ್ರೀತಿಸುತ್ತದೆ ಎಂದೂ ಅಲ್ಲ. 1859ರಂಥ ಬಿರುಗಾಳಿ ಇವತ್ತು ಬೀಸಿದರೆ ವಿದ್ಯುತ್ ಜಾಲ, ಉಪಗ್ರಹಗಳಿಗೆ ಆಗುವ ಹಾನಿ ಕಡಿಮೆಯದಲ್ಲ, ಕಾರವಾರದ ಬೈತಖೋಲದ ದೋಣಿಯವರು ನೆಚ್ಚಿಕೊಂಡಿರುವ ಜಿಪಿಎಸ್ ಕೂಡ ದಾರಿ ತಪ್ಪಬಹುದು. ಸಂಬಂಧವೆಂದರೆ ಸುಖವೇ ಎಂದು ಯಾರೂ ಹೇಳಿಲ್ಲ. ಸಿದ್ಧವಾಗುವುದು ಇಷ್ಟೇ: ‘ವಿಶ್ವ ಮೂಲತಃ ಬಿಡಿಬಿಡಿ, ಸಂಬಂಧ ಮನುಷ್ಯನ ಭ್ರಮೆ’ ಎನ್ನುವವನು ಇನ್ನು ಮುಂದೆ ಆಕಾಶದತ್ತ ಕೈ ತೋರಿಸಿ ಅದನ್ನು ಹೇಳುವಂತಿಲ್ಲ. ಬೇರೆ ಆಧಾರವಿದ್ದರೆ ತರಲಿ.

ಕಾರವಾರದ ಕಡಲತೀರಕ್ಕೆ ಇಂದು ರವೀಂದ್ರರ ಹೆಸರಿದೆ. ಸಂನ್ಯಾಸಿಯ ನಾಟಕ ಬರೆದ ಅದೇ ಕವಿ, ಎಪ್ಪತ್ತೈದು ದಾಟಿದ ಮೇಲೆ, 1937ರಲ್ಲಿ, ಪರಮಾಣುವಿನಿಂದ ನಕ್ಷತ್ರಲೋಕದ ತನಕ ಸಾಮಾನ್ಯರಿಗೆ ತಿಳಿಯುವಂತೆ ವಿವರಿಸುವ ‘ವಿಶ್ವಪರಿಚಯ’ವನ್ನು ಬಂಗಾಳಿಯಲ್ಲಿ ಬರೆದು ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. ತಮ್ಮ ಅಧ್ಯಾತ್ಮಕ್ಕೆ ಸರ್ಟಿಫಿಕೇಟು ಮಾಡಿಕೊಳ್ಳಲು ಆ ಪುಸ್ತಕವನ್ನು ಬಳಸಲಿಲ್ಲ. ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಓದೂ ಜೀವಂತವಾಗಿದೆ. ಅಂಕೋಲಾದಲ್ಲಿ ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟಿನ ಕಾಲೇಜಿದೆ, ಗೋಕರ್ಣದಲ್ಲಿ ವೇದ, ಶಾಸ್ತ್ರ ಓದಿದವರಿದ್ದಾರೆ. ಆದಿತ್ಯ–ಎಲ್1ರ ಅಳತೆಗಳನ್ನು ಇಸ್ರೋ 2025ರಿಂದ ಎಲ್ಲರಿಗೂ ತೆರೆದಿಟ್ಟಿದೆ, ಬೇಕಾದವರು ಕಾಸು ಕೊಡದೆ ಇಳಿಸಿಕೊಳ್ಳಬಹುದು. ಭೌತಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಬಿಡಿಸಿ ಓದಲಿ. ‘ತರ್ಕಸಂಗ್ರಹ’ ಬಲ್ಲವರು ಪಕ್ಕದಲ್ಲಿ ಕೂತು, ಡಿಕ್ಕಿಯಿಲ್ಲದೆ ಒಂದಾದ ಈ ದ್ರವ್ಯಕ್ಕೆ ಸಂಯೋಗದ ಲಕ್ಷಣ ಹೊಂದುತ್ತದೆಯೇ ಎಂದು ಕೇಳಲಿ.